ಹಳೆಯ ಹಾರ್ಡ್ ಡಿಸ್ಕನ್ನು ಹೊಸ ಕಂಪ್ಯೂಟರಿಗೆ ಹಾಕಬಹುದೇ?

ಪ್ರಶ್ನೆ: ನಮ್ಮ ತಂದೆಯವರು 2011ರಲ್ಲಿ ಕೊಂಡಿದ್ದ ಡೆಸ್ಕ್‌ಟಾಪ್ ಕಂಪ್ಯೂಟರ್ ಕಳೆದ ಮಳೆಗಾಲದಲ್ಲಿ ಸಿಡಿಲು ಹೊಡೆದ ಮೇಲೆ ಆನ್ ಆಗುತ್ತಿಲ್ಲ. ಅದರಲ್ಲಿ ವಿಂಡೋಸ್ 7 ಇತ್ತು, ಹಾರ್ಡ್ ಡಿಸ್ಕ್ 500 ಜಿಬಿ. ತಂದೆಯವರು ಈಗ ಇಲ್ಲ. ಅವರು ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದ ನಮ್ಮೂರಿನ ಚರಿತ್ರೆ, ಮನೆಯವರ ಫೋಟೋಗಳು ಎಲ್ಲವೂ ಅದರೊಳಗಿವೆ. ವಿಂಡೋಸ್ 11 ಇರುವ ಹೊಸ ಕಂಪ್ಯೂಟರ್ ತಂದಿದ್ದೇವೆ. ಹಳೆಯ ಡಿಸ್ಕನ್ನು ಬಿಚ್ಚಿ ಇದಕ್ಕೆ ಹಾಕಿದರೆ ಎಲ್ಲವೂ ಮೊದಲಿನಂತೆಯೇ ಬರುತ್ತದೆಯೇ? ಅಂಗಡಿಯವರು ‘ಹಾಕಿಕೊಡುತ್ತೇವೆ, ಆದರೆ ಫಾರ್ಮ್ಯಾಟ್ ಮಾಡಬೇಕಾಗುತ್ತದೆ’ ಎನ್ನುತ್ತಿದ್ದಾರೆ. ಏನು ಮಾಡುವುದು?
(ಸಾಗರ ತಾಲ್ಲೂಕಿನ ಓದುಗರು)

ಉತ್ತರ: ಅಂಗಡಿಯವರ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ನಾಳೆಯೇ ನಡೆದುಬಿಡಬಹುದು. ಆ ಡಿಸ್ಕನ್ನು ಫಾರ್ಮ್ಯಾಟ್ ಮಾಡಲು ಯಾರಿಗೂ ಒಪ್ಪಿಗೆ ಕೊಡಬೇಡಿ. ಅವರು ಕೆಟ್ಟ ಉದ್ದೇಶದಿಂದ ಹೇಳಿದ್ದಲ್ಲ. ಅಂಗಡಿಯ ಲೆಕ್ಕದಲ್ಲಿ ಹಳೆಯ ಡಿಸ್ಕ್ ಎಂದರೆ 500 ಜಿಬಿ ಜಾಗ; ಖಾಲಿ ಮಾಡಿ ಹೊಸ ಕಂಪ್ಯೂಟರಿಗೆ ಸೇರಿಸಿಕೊಟ್ಟರೆ ಅವರ ಕೆಲಸ ಮುಗಿಯಿತು. ಒಳಗಿರುವುದನ್ನು ಓದಲು ಫಾರ್ಮ್ಯಾಟ್ ಮಾಡುವ ಅಗತ್ಯವೇ ಇಲ್ಲ. ವಿಂಡೋಸ್ 7 ಫೈಲ್‌ಗಳನ್ನು ಇಡುತ್ತಿದ್ದ ಎನ್‌ಟಿಎಫ್‌ಎಸ್ ಎಂಬ ವ್ಯವಸ್ಥೆಯನ್ನೇ ವಿಂಡೋಸ್ 11 ಕೂಡ ಬಳಸುತ್ತದೆ. ಡಿಸ್ಕ್ ಆರೋಗ್ಯವಾಗಿದ್ದರೆ, ಜೋಡಿಸಿದ ಒಂದು ನಿಮಿಷದೊಳಗೆ ನಿಮ್ಮ ತಂದೆಯವರ ಫೋಲ್ಡರ್‌ಗಳು ಕಣ್ಣೆದುರು ತೆರೆದುಕೊಳ್ಳುತ್ತವೆ.

ಇನ್ನು ‘ಮೊದಲಿನಂತೆಯೇ ಬರುತ್ತದೆಯೇ’ ಎಂಬ ಮಾತು. ಫೈಲ್‌ಗಳು ಬರುತ್ತವೆ, ಹಳೆಯ ವಿಂಡೋಸ್, ಅದರ ಡೆಸ್ಕ್‌ಟಾಪ್, ಅದರಲ್ಲಿದ್ದ ತಂತ್ರಾಂಶಗಳು ಬರುವುದಿಲ್ಲ. ವಿಂಡೋಸ್ 7 ಬಂದದ್ದು 2009ರಲ್ಲಿ. ಎನ್‌ವಿಎಂಇ ಎಂಬ ಇಂದಿನ ವೇಗದ ಡಿಸ್ಕ್‌ಗಳನ್ನಾಗಲಿ, ಯುಎಸ್‌ಬಿ 3 ಕಿಂಡಿಗಳನ್ನಾಗಲಿ ಗುರುತಿಸುವ ಡ್ರೈವರ್‌ಗಳು, ಅಂದರೆ ಯಂತ್ರದ ಭಾಗಗಳನ್ನು ನಡೆಸುವ ಪುಟ್ಟ ತಂತ್ರಾಂಶಗಳು, ಅದರಲ್ಲಿ ಮೂಲತಃ ಇಲ್ಲ. ಹೀಗಾಗಿ ಅದು ಒಂದು ವೇಳೆ ಹೊಸ ಯಂತ್ರದಲ್ಲಿ ಎದ್ದುನಿಂತರೂ ಕೀಬೋರ್ಡ್, ಮೌಸ್ ಕೆಲಸ ಮಾಡದೆ ಕೈಕಟ್ಟಿ ಕುಳಿತುಕೊಳ್ಳಬೇಕಾಗುತ್ತದೆ. ಸಾಮಾನ್ಯವಾಗಿ ಅಷ್ಟು ದೂರವೂ ಹೋಗುವುದಿಲ್ಲ. ಆ ಕಾಲದ ಡಿಸ್ಕ್‌ಗಳನ್ನು ಎಂಬಿಆರ್ ಎಂಬ ಹಳೆಯ ರೀತಿಯಲ್ಲಿ ವಿಭಾಗಿಸುತ್ತಿದ್ದರು. ಹೊಸ ಮದರ್‌ಬೋರ್ಡ್‌ಗಳಲ್ಲಿ ಅನೇಕವು ಆ ರೀತಿಯ ಡಿಸ್ಕಿನಿಂದ ಆರಂಭವಾಗುವುದನ್ನೇ ನಿಲ್ಲಿಸಿವೆ. ಅದನ್ನೂ ದಾಟಿದರೆ ವಿಂಡೋಸ್ ಮುಂದೆ ಸಾಗದೆ ದೋಷ ತೋರಿಸುವ ನೀಲಿ ಪರದೆ ಬಂದು ನಿಲ್ಲುತ್ತದೆ. ಮೈಕ್ರೋಸಾಫ್ಟ್ ಕೂಡ 2020ರ ಜನವರಿ 14ರಂದೇ ವಿಂಡೋಸ್ 7ಕ್ಕೆ ಬೆಂಬಲ ನಿಲ್ಲಿಸಿತು. ಆದ್ದರಿಂದ ಹಳೆಯ ಡಿಸ್ಕಿನಿಂದ ಹೊಸ ಕಂಪ್ಯೂಟರನ್ನು ಆರಂಭಿಸುವ ಆಸೆಯನ್ನು ಬಿಟ್ಟುಬಿಡಿ. ಅದನ್ನು ಬೀಗ ತೆಗೆದ ಒಂದು ಪೆಟ್ಟಿಗೆಯಂತೆ ನೋಡಿ. ಒಳಗಿನದನ್ನೆಲ್ಲ ಒಮ್ಮೆ ಜೋಪಾನವಾಗಿ ಇಳಿಸಿಕೊಳ್ಳಬೇಕು, ಆಮೇಲೆ ಪೆಟ್ಟಿಗೆಯನ್ನು ಎತ್ತಿಡಬೇಕು. ಹದಿನಾಲ್ಕು ವರ್ಷ ತಿರುಗಿದ ಡಿಸ್ಕಿನಿಂದ ಮತ್ತೆ ದಿನನಿತ್ಯದ ದುಡಿಮೆ ಮಾಡಿಸಬಾರದು.

ಹೊಸ ಕಂಪ್ಯೂಟರಿಗೆ ವಿಂಡೋಸ್ ಹಾಕುವುದು ಇನ್ನೂ ಬಾಕಿ ಇದ್ದರೆ, ಆ ಕೆಲಸ ಪೂರ್ತಿ ಮುಗಿಯುವವರೆಗೆ ಹಳೆಯ ಡಿಸ್ಕನ್ನು ಅದರ ಹತ್ತಿರಕ್ಕೂ ತರಬೇಡಿ. ವಿಂಡೋಸ್ ಹಾಕುವಾಗ ಪರದೆಯ ಮೇಲೆ ಡಿಸ್ಕ್‌ಗಳು ‘ಡಿಸ್ಕ್ 0’, ‘ಡಿಸ್ಕ್ 1’ ಎಂದಷ್ಟೇ ಕಾಣುತ್ತವೆ. ಯಾವುದು ಹೊಸದು, ಯಾವುದು ತಂದೆಯವರದು ಎಂದು ಅಲ್ಲಿ ಬರೆದಿರುವುದಿಲ್ಲ. ಸಂಜೆ ಅಂಗಡಿ ಮುಚ್ಚುವ ಹೊತ್ತಿನ ಅವಸರದಲ್ಲಿ ತಪ್ಪು ಸಾಲಿನ ಮೇಲೆ ಒಂದು ಕ್ಲಿಕ್ ಬಿದ್ದರೆ ಸಾಕು.

ಈಗ ಸಿಡಿಲಿನ ವಿಷಯ. ಮಲೆನಾಡಿನಿಂದ ಬರುವ ಕಂಪ್ಯೂಟರ್‌ಗಳಲ್ಲಿ ಇದನ್ನು ಪ್ರತಿ ವರ್ಷ ನೋಡುತ್ತೇನೆ. ಹೆಚ್ಚಿನ ಸಲ ಪೆಟ್ಟು ತಿನ್ನುವುದು ಎಸ್‌ಎಂಪಿಎಸ್, ಅಂದರೆ ಕ್ಯಾಬಿನೆಟ್ಟಿನ ಹಿಂಭಾಗದಲ್ಲಿ ಫ್ಯಾನ್ ಇರುವ ಆ ಪವರ್ ಪೆಟ್ಟಿಗೆ. ಡಿಸ್ಕಿಗೆ ಏನೂ ಆಗಿರದೇ ಇರುವ ಸಾಧ್ಯತೆ ಚೆನ್ನಾಗಿದೆ. ಆದರೆ ಪರೀಕ್ಷೆಗೆಂದು ಅದೇ ಹಳೆಯ ಎಸ್‌ಎಂಪಿಎಸ್‌ನಿಂದ ಡಿಸ್ಕಿಗೆ ಮತ್ತೆ ವಿದ್ಯುತ್ ಕೊಡಬೇಡಿ; ಕೆಟ್ಟ ಎಸ್‌ಎಂಪಿಎಸ್ ಉಳಿದಿರುವ ಡಿಸ್ಕನ್ನೂ ಸುಡಬಲ್ಲದು. ಡಿಸ್ಕನ್ನು ತಿರುಗಿಸಿ, ಕೆಳಗಿರುವ ಹಸಿರು ಬೋರ್ಡನ್ನು ಬೆಳಕಿನಲ್ಲಿ ನೋಡಿ, ಮೂಗಿನ ಹತ್ತಿರ ಹಿಡಿದು ಮೂಸಿ. ಕಪ್ಪಗೆ ಸುಟ್ಟ ಕಲೆ ಅಥವಾ ಕಮಟು ವಾಸನೆ ಇದ್ದರೆ ಅಲ್ಲಿಗೇ ನಿಲ್ಲಿಸಿ. ಹೆಚ್ಚಿನ ಡಿಸ್ಕ್‌ಗಳ ಬೋರ್ಡಿನ ಮೇಲೆ ಅತಿಯಾದ ವೋಲ್ಟೇಜನ್ನು ತನ್ನ ಮೇಲೆ ಎಳೆದುಕೊಂಡು ಸಾಯುವ ಒಂದು ಪುಟ್ಟ ಡಯೋಡ್ ಇರುತ್ತದೆ. ಅದೊಂದೇ ಹೋಗಿದ್ದರೆ ಪಳಗಿದ ತಂತ್ರಜ್ಞರು ಸ್ವಲ್ಪ ಹೊತ್ತಿನಲ್ಲಿ ಡಿಸ್ಕನ್ನು ಎಬ್ಬಿಸುತ್ತಾರೆ. ಅದೇ ಮಾದರಿಯ ಬೇರೊಂದು ಡಿಸ್ಕಿನ ಬೋರ್ಡನ್ನು ತಂದು ಕೂರಿಸಿದರಾಯಿತು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಪ್ರತಿ ಡಿಸ್ಕಿಗೂ ಅದರದ್ದೇ ಆದ ಹೊಂದಾಣಿಕೆಯ ಅಂಕಿಗಳು ಆ ಬೋರ್ಡಿನ ಮೇಲಿನ ಚಿಪ್‌ನಲ್ಲಿರುತ್ತವೆ. ಆ ಚಿಪ್ಪನ್ನೂ ವರ್ಗಾಯಿಸದೆ ಬೋರ್ಡ್ ಬದಲಿಸಿದರೆ ಡಿಸ್ಕ್ ತಿರುಗಿದರೂ ತನ್ನೊಳಗಿನದನ್ನು ತಾನೇ ಓದಲಾರದು.

ಬಿಚ್ಚುವುದು ಕಷ್ಟದ ಕೆಲಸವಲ್ಲ. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ಮೈಯಲ್ಲಿರುವ ಸ್ಥಾಯೀ ವಿದ್ಯುತ್ ಹರಿದುಹೋಗಲಿ. ಎಡಬದಿಯ ಮುಚ್ಚಳ ತೆಗೆದರೆ ಮುಂಭಾಗದಲ್ಲಿ ಡಿಸ್ಕ್ ಕಾಣುತ್ತದೆ. 2011ರ ಡಿಸ್ಕ್ ಆದ್ದರಿಂದ ಅದು ಸಾಟಾ ಜೋಡಣೆಯದ್ದೇ ಇರಬೇಕು. ಎರಡು ಚಪ್ಪಟೆ ಕೇಬಲ್‌ಗಳಿರುತ್ತವೆ: ಕಿರಿದಾದದ್ದು ಮಾಹಿತಿಯದು, ಅಗಲವಾದದ್ದು ವಿದ್ಯುತ್ತಿನದು. ಇಲ್ಲಿ ಒಂದು ಸಣ್ಣ ಎಚ್ಚರ ಬೇಕು. ಆ ಕಿಂಡಿಗಳ ಒಳಗೆ ‘ಎಲ್’ ಆಕಾರದ ತೆಳು ಪ್ಲಾಸ್ಟಿಕ್ ನಾಲಗೆ ಇರುತ್ತದೆ, ಚಿನ್ನದ ಬಣ್ಣದ ಪಟ್ಟಿಗಳು ಅಂಟಿಕೊಂಡಿರುವುದು ಅದರ ಮೇಲೆಯೇ. ವರ್ಷಗಟ್ಟಲೆ ಒಂದೇ ಕಡೆ ಕುಳಿತ ಕೇಬಲ್ ಬಿಗಿಯಾಗಿರುತ್ತದೆ. ಅದನ್ನು ಮೇಲೆ ಕೆಳಗೆ ಅಲ್ಲಾಡಿಸಿ ಎಳೆದರೆ ನಾಲಗೆ ಲಟಕ್ಕೆಂದು ಮುರಿಯುತ್ತದೆ. ಕೇಬಲ್ ತುದಿಯಲ್ಲಿ ಲೋಹದ ಕ್ಲಿಪ್ ಇದ್ದರೆ ಅದನ್ನು ಒತ್ತಿಹಿಡಿದು, ನೇರವಾಗಿ ಹಿಂದಕ್ಕೆ ಎಳೆಯಿರಿ. ಎರಡೂ ಬದಿಯ ಸ್ಕ್ರೂಗಳನ್ನು ತೆಗೆದು ಡಿಸ್ಕನ್ನು ಹೊರಕ್ಕೆ ಜಾರಿಸಿ, ಮಡಿಸಿದ ಹತ್ತಿಬಟ್ಟೆಯ ಮೇಲೆ ಇಡಿ. ಮೇಲ್ಭಾಗದಲ್ಲಿ ಗುಂಡುಸೂಜಿಯ ತಲೆಯಷ್ಟು ದೊಡ್ಡ ರಂಧ್ರವೊಂದಿರಬಹುದು. ಅದು ಡಿಸ್ಕ್ ಉಸಿರಾಡುವ ಕಿಂಡಿ, ಅದರ ಮೇಲೆ ಟೇಪ್ ಅಂಟಿಸಬೇಡಿ.

ಹೊಸ ಕಂಪ್ಯೂಟರಿಗೆ ಜೋಡಿಸಲು ಎರಡು ದಾರಿಗಳಿವೆ. ಹೊಸದೂ ಡೆಸ್ಕ್‌ಟಾಪ್ ಆಗಿದ್ದು, ಮದರ್‌ಬೋರ್ಡಿನಲ್ಲಿ ಸಾಟಾ ಕಿಂಡಿ ಖಾಲಿ ಇದ್ದರೆ ಒಳಗೇ ಜೋಡಿಸಬಹುದು. ನನ್ನ ಸಲಹೆ ಮಾತ್ರ ಡಿಸ್ಕನ್ನು ಹೊರಗಿನಿಂದಲೇ ಜೋಡಿಸುವ ಯುಎಸ್‌ಬಿ ಅಡಾಪ್ಟರ್ ಅಥವಾ ಡಾಕ್ (ಡಿಸ್ಕನ್ನು ನಿಲ್ಲಿಸುವ ಪೀಠ). ಬೇಕೆಂದಾಗ ಕಿತ್ತಿಡಬಹುದು, ಆರಂಭದ ಹೊತ್ತಿನಲ್ಲಿ ಹೊಸ ವಿಂಡೋಸ್ ಜೊತೆ ಗೊಂದಲವಾಗುವುದಿಲ್ಲ. ಕೊಳ್ಳುವಾಗ ಒಂದನ್ನು ಖಚಿತಪಡಿಸಿಕೊಳ್ಳಿ: ಅದಕ್ಕೆ ಗೋಡೆಯ ಪ್ಲಗ್ಗಿಗೆ ಹಾಕುವ 12 ವೋಲ್ಟಿನ ಪ್ರತ್ಯೇಕ ಪವರ್ ಅಡಾಪ್ಟರ್ ಇರಲೇಬೇಕು. ಡೆಸ್ಕ್‌ಟಾಪಿನ ಮೂರೂವರೆ ಇಂಚಿನ ಡಿಸ್ಕಿಗೆ 5 ಮತ್ತು 12 ವೋಲ್ಟ್ ಎರಡೂ ಬೇಕು, ಯುಎಸ್‌ಬಿ ಕಿಂಡಿ ಕೊಡುವುದು 5 ವೋಲ್ಟ್ ಮಾತ್ರ. ಬರೀ ಒಂದು ವೈರಿನ ಅಗ್ಗದ ಅಡಾಪ್ಟರ್ ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಡಿಸ್ಕಿಗೆ ಸಾಕಾಗುತ್ತದೆ, ನಿಮ್ಮದಕ್ಕೆ ಸಾಲದು. ಅದನ್ನು ಹಾಕಿ ‘ಡಿಸ್ಕ್ ಸತ್ತಿದೆ’ ಎಂದು ತೀರ್ಮಾನಿಸಿದವರನ್ನು ನಾನು ಬಹಳ ಕಂಡಿದ್ದೇನೆ.

ಮೊದಲ ಸಲ ವಿದ್ಯುತ್ ಕೊಟ್ಟಾಗ ಪರದೆಯನ್ನು ನೋಡಬೇಡಿ, ಕಿವಿಗೊಡಿ. ಫ್ಯಾನ್ ನಿಲ್ಲಿಸಿ, ಮನೆ ಸದ್ದಡಗಲಿ. ಆರೋಗ್ಯವಂತ ಡಿಸ್ಕ್ ಸಣ್ಣಗೆ ಗುಂಯ್‌ಗುಡುತ್ತಾ ವೇಗ ಹಿಡಿದು, ಒಂದೆರಡು ಸಲ ಗರಗರ ಎಂದು ಸ್ಥಿರವಾಗುತ್ತದೆ. ಟಕ್, ಟಕ್, ಟಕ್ ಎಂದು ಒಂದೇ ತಾಳದಲ್ಲಿ ಬಡಿದುಕೊಳ್ಳುತ್ತಿದ್ದರೆ ಒಳಗಿನ ಓದುವ ತಲೆ ತನ್ನ ಜಾಗ ಸಿಗದೆ ತಡಕಾಡುತ್ತಿದೆ ಎಂದರ್ಥ. ಆ ತಲೆ ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ನಮ್ಮ ತಲೆಗೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೋಮೀಟರ್. ಕೆಟ್ಟ ತಲೆ ತಟ್ಟೆಗೆ ತಾಗುತ್ತಿದ್ದರೆ ಪ್ರತಿ ಸುತ್ತಿನಲ್ಲೂ ಬರಹ ಕೆರೆದುಹೋಗುತ್ತಿರುತ್ತದೆ. ತಕ್ಷಣ ವಿದ್ಯುತ್ ತೆಗೆಯಿರಿ, ‘ಇನ್ನೊಂದು ಸಲ ನೋಡೋಣ’ ಎನ್ನಬೇಡಿ. ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ತೆರೆಯುವ ವ್ಯವಸ್ಥೆ ಇರುವ ಮಾಹಿತಿ ಮರುಪಡೆಯುವವರ ಬಳಿಗೇ ಅದು ಹೋಗಬೇಕು. ಫ್ರಿಜ್‌ನಲ್ಲಿಡುವ, ಅಂಗೈಯಿಂದ ತಟ್ಟುವ ಉಪಾಯಗಳನ್ನು ಯಾರು ಹೇಳಿದರೂ ಮಾಡಬೇಡಿ. ನಿಮ್ಮ ಕಡೆಯ ತೇವದ ಹವೆಯಲ್ಲಿ ಫ್ರಿಜ್‌ನಿಂದ ಹೊರತೆಗೆದ ಡಿಸ್ಕಿನ ಒಳಗೂ ಹೊರಗೂ ನೀರಿನ ಪಸೆ ಕೂರುತ್ತದೆ.

ಸದ್ದು ಸರಿಯಾಗಿದ್ದರೆ ವಿಂಡೋಸ್ ಕೆಲವು ಪ್ರಶ್ನೆಗಳನ್ನು ಕೇಳಬಹುದು. ‘ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂದರೆ ಕ್ಯಾನ್ಸಲ್. ‘ಇನಿಷಿಯಲೈಸ್’ ಮಾಡಬೇಕೆಂದರೆ ಅದಕ್ಕೂ ಕ್ಯಾನ್ಸಲ್. ‘ದೋಷಗಳಿವೆ, ಪರಿಶೀಲಿಸಿ ಸರಿಪಡಿಸಲೇ’ ಎಂಬುದು ಎಲ್ಲಕ್ಕಿಂತ ಸಭ್ಯವಾಗಿ ಕೇಳುವ ಪ್ರಶ್ನೆ, ನನ್ನನ್ನು ಮೋಸಗೊಳಿಸಿದ್ದೂ ಅದೇ. ವೃತ್ತಿಗೆ ಬಂದ ಹೊಸತರಲ್ಲಿ ದಂಪತಿಯೊಬ್ಬರು ಮದುವೆಯ ಫೋಟೋಗಳಿದ್ದ ಡಿಸ್ಕ್ ತಂದಿದ್ದರು. ಫೋಲ್ಡರ್‌ಗಳು ಕಾಣುತ್ತಿದ್ದವು, ತೆರೆಯಲು ತಡವಾಗುತ್ತಿತ್ತು ಅಷ್ಟೇ. ನಾನು ‘ಸರಿಪಡಿಸು’ ಒತ್ತಿದೆ. ಅರ್ಧ ರಾತ್ರಿ ಓಡಿದ ಮೇಲೆ ನೋಡಿದರೆ ಫೋಲ್ಡರ್‌ಗಳ ಹೆಸರುಗಳೇ ಇರಲಿಲ್ಲ. ಅಂಕಿ ಹಚ್ಚಿದ ಸಾವಿರಾರು ಚೂರುಗಳಿದ್ದವು, ಅವುಗಳಲ್ಲಿ ಬಹುಪಾಲು ತೆರೆಯಲಿಲ್ಲ. ಸರಿಪಡಿಸುವ ಆ ಸಾಧನಕ್ಕೆ ಬೇಕಿರುವುದು ಡಿಸ್ಕಿನ ಲೆಕ್ಕಪತ್ರ ಹೊಂದಿಕೆಯಾಗುವುದು. ಅದಕ್ಕಾಗಿ ಫೋಟೋಗಳನ್ನು ಬಲಿಕೊಡಲು ಅದು ಹಿಂಜರಿಯುವುದಿಲ್ಲ. ಆ ದಂಪತಿಗೆ ವಿಷಯ ತಿಳಿಸಿದ ಬೆಳಗ್ಗೆಯನ್ನು ನಾನು ಮರೆತಿಲ್ಲ. ಅಂದಿನಿಂದ ನಕಲು ಕೈಗೆ ಬರುವವರೆಗೆ ಯಾರ ಡಿಸ್ಕಿನ ಮೇಲೂ ಒಂದು ಅಕ್ಷರವನ್ನೂ ಬರೆಯಲು ಬಿಟ್ಟಿಲ್ಲ.

ನಕಲು ಮಾಡುವ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಿಂದ ಡಿಸ್ಕಿನ ಆರೋಗ್ಯ ನೋಡಿ. ಅದು ತೋರಿಸುವ ಪಟ್ಟಿಯಲ್ಲಿ 05, ಸಿ5, ಸಿ6 ಎಂಬ ಮೂರು ಸಾಲುಗಳು ಮುಖ್ಯ. 05 ಎಂದರೆ ಕೆಟ್ಟಿದ್ದರಿಂದ ಬದಲಿ ಜಾಗಕ್ಕೆ ಸಾಗಿಸಿದ ತುಣುಕುಗಳು. ಸಿ5 ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವವು. ಸಿ6 ಎಂದರೆ ಓದುವ ಪ್ರಯತ್ನ ಸೋತವು. ಮೂರರಲ್ಲೂ ಸೊನ್ನೆ ಇದ್ದರೆ ನಿಶ್ಚಿಂತೆಯಿಂದ ಮುಂದುವರಿಯಿರಿ. ಸಿ5 ಅಥವಾ ಸಿ6ರಲ್ಲಿ ಅಂಕಿ ಇದ್ದರೆ, ಅದರಲ್ಲೂ ಸ್ವಲ್ಪ ಹೊತ್ತಿನ ಬಳಿಕ ನೋಡಿದಾಗ ಅದು ಏರಿದ್ದರೆ, ಫೈಲ್‌ಗಳನ್ನು ಎಳೆದು ಬಿಡುವ ಸಾಮಾನ್ಯ ನಕಲನ್ನು ಮಾಡಬೇಡಿ. ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ ಲಿನಕ್ಸ್ ಬಲ್ಲವರಿಂದ ಡಿಡಿರೆಸ್ಕ್ಯೂ ಎಂಬ ಸಾಧನದಲ್ಲಿ ಇಡೀ ಡಿಸ್ಕಿನ ಪ್ರತಿರೂಪ ತೆಗೆಸಿ. ಅದು ಸುಲಭವಾಗಿ ಓದಬಹುದಾದದ್ದನ್ನೆಲ್ಲ ಮೊದಲು ತೆಗೆದುಕೊಂಡು, ಹಟ ಮಾಡುವ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಪಟ್ಟಿಯಲ್ಲಿ ಸಿ7 ಏರಿದ್ದರೆ ಗಾಬರಿ ಬೇಡ, ಹೆಚ್ಚಾಗಿ ಅದು ಕೇಬಲ್ಲಿನ ದೋಷ.

ಡಿಸ್ಕ್ ತೆರೆದಾಗ 500 ಜಿಬಿ ಎಂದು ಕಾಣುವುದಿಲ್ಲ, ಎಲ್ಲ ಭಾಗಗಳೂ ಸೇರಿ ಸುಮಾರು 465 ಎಂದು ತೋರಿಸುತ್ತದೆ. ಏನೂ ಕಳೆದಿಲ್ಲ, ತಯಾರಕರೂ ವಿಂಡೋಸೂ ಎಣಿಸುವ ರೀತಿ ಬೇರೆ. ಹಳೆಯ ಸಿ, ಡಿ, ಇ ಡ್ರೈವ್‌ಗಳಿಗೆ ಈಗ ಬೇರೆ ಅಕ್ಷರಗಳು ಬಂದಿರುತ್ತವೆ. ಆಗಿನ ಕಾಲದಲ್ಲಿ ‘ಸಿ ಡ್ರೈವಿನಲ್ಲಿ ಏನೂ ಇಡಬೇಡಿ’ ಎಂದು ಎಲ್ಲರೂ ಹೇಳುತ್ತಿದ್ದರು, ಆದರೂ ಡೆಸ್ಕ್‌ಟಾಪಿನ ಮೇಲೆ ಉಳಿಸಿದ್ದೆಲ್ಲ ಸಿ ಡ್ರೈವಿಗೇ ಹೋಗುತ್ತಿತ್ತು. ಆದ್ದರಿಂದ ಎಲ್ಲ ಡ್ರೈವ್‌ಗಳನ್ನೂ ನೋಡಿ, ಸಿ ಡ್ರೈವಿನ ‘ಯೂಸರ್ಸ್’ ಫೋಲ್ಡರನ್ನು ಮರೆಯಬೇಡಿ. ಅದರೊಳಗೆ ತಂದೆಯವರ ಹೆಸರಿನ ಫೋಲ್ಡರ್ ಒತ್ತಿದಾಗ ‘ನಿಮಗೆ ಅನುಮತಿ ಇಲ್ಲ’ ಎಂದರೆ ‘ಕಂಟಿನ್ಯೂ’ ಒತ್ತಿ ಕಾಯಿರಿ. ಅನುಮತಿಯ ಈ ತಿದ್ದುಪಡಿ ಆರೋಗ್ಯವಂತ ಡಿಸ್ಕಿನಲ್ಲಿ ನಾನು ಒಪ್ಪುವ ಒಂದೇ ಬದಲಾವಣೆ. ಸಿ5, ಸಿ6ರಲ್ಲಿ ಅಂಕಿ ಕಂಡಿದ್ದರೆ ಇದನ್ನೂ ಪ್ರತಿರೂಪದ ಮೇಲೆಯೇ ಮಾಡಿ. ತಂದೆಯವರ ಪಾಸ್‌ವರ್ಡ್ ಗೊತ್ತಿಲ್ಲದಿದ್ದರೂ ಇಲ್ಲಿ ತೊಂದರೆಯಾಗುವುದು ಅಪರೂಪ.

ಬೇಕಾದ್ದು, ಬೇಡವಾದ್ದು ಎಂದು ಆರಿಸುತ್ತಾ ಕೂರದೆ ಪೂರ್ತಿಯಾಗಿ ಇಳಿಸಿಕೊಳ್ಳಿ. ಆರಿಸುವುದು ಆಮೇಲೆ, ನಕಲಿನಲ್ಲಿ. ಯುಎಸ್‌ಬಿ 3 ಕಿಂಡಿಯಲ್ಲಿ 300 ಜಿಬಿಗೆ ಒಂದೆರಡು ಗಂಟೆ ಸಾಕು, ಹಳೆಯ ಯುಎಸ್‌ಬಿ 2ರಲ್ಲಿ ಮೂರು ಗಂಟೆಗೂ ಮೇಲೆ ಹಿಡಿಯಬಹುದು. ಅಷ್ಟು ಹೊತ್ತು ಕಂಪ್ಯೂಟರ್ ನಿದ್ರೆಗೆ ಜಾರದಂತೆ ಮಾಡಿ. ಕರೆಂಟು ಹೋಗಿಬರುವ ಊರಾದ್ದರಿಂದ ಯುಪಿಎಸ್ ಬೇಕು. ಕಂಪ್ಯೂಟರನ್ನು ಯುಪಿಎಸ್‌ಗೆ ಹಾಕಿ ಡಿಸ್ಕಿನ ಅಡಾಪ್ಟರನ್ನು ಗೋಡೆಗೆ ಹಾಕುವವರಿದ್ದಾರೆ. ಕರೆಂಟು ಹೋದ ಕ್ಷಣ ಕಂಪ್ಯೂಟರ್ ನಡೆಯುತ್ತಲೇ ಇರುತ್ತದೆ, ಡಿಸ್ಕ್ ಮಾತ್ರ ನಕಲಿನ ನಡುವೆ ನಿಂತುಬಿಡುತ್ತದೆ. ಎರಡನ್ನೂ ಯುಪಿಎಸ್‌ಗೇ ಹಾಕಿ. ಮುಗಿದ ಮೇಲೆ ಮೂಲ ಫೋಲ್ಡರ್ ಮತ್ತು ನಕಲು ಎರಡರ ‘ಪ್ರಾಪರ್ಟೀಸ್’ ತೆರೆದು ಫೈಲ್‌ಗಳ ಸಂಖ್ಯೆ, ಗಾತ್ರ ತಾಳೆ ನೋಡಿ. ಫೋಟೋಗಳ ‘ಕ್ರಿಯೇಟೆಡ್’ ದಿನಾಂಕ ಇವತ್ತಿನದಾಗಿರುತ್ತದೆ, ‘ಮಾಡಿಫೈಡ್’ ದಿನಾಂಕ ಹಳೆಯದೇ ಉಳಿದಿರುತ್ತದೆ.

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಕಾಳಜಿ ಇರುವ ಭಾಗಕ್ಕೆ ಬರುತ್ತೇನೆ. ನಕಲು ಯಶಸ್ವಿಯಾಗಿ, ನೀವು ಹುಮ್ಮಸ್ಸಿನಿಂದ ಊರಿನ ಚರಿತ್ರೆಯ ಮೊದಲ ಅಧ್ಯಾಯವನ್ನು ತೆರೆದಾಗ ಅಲ್ಲಿ ಕನ್ನಡವೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಲಸಿಹೋದ ಸಾಲುಗಳಿರುತ್ತವೆ. ಫೈಲ್ ಕೆಟ್ಟಿದೆ ಎಂದು ಅಳಿಸಿಬಿಡಬೇಡಿ. ಹೀಗೆ ಅಳಿಸಿದ ಬರಹಗಳ ಕಥೆ ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ನಡೆದಿರುವುದು ಇಷ್ಟು. ಆ ಕಾಲದ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಫೈಲಿನಲ್ಲಿ ಅದು ದೊಡ್ಡ ‘ಪಿ’, ನೆತ್ತಿಯ ಮೇಲೆ ಓರೆಗೆರೆ ಇರುವ ದೊಡ್ಡ ‘ಎ’, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಓರೆಗೆರೆಯ ‘ಎ’, ಜರ್ಮನ್ ಭಾಷೆಯ ಬಾಗಿದ ‘ಎಸ್’, ಸಣ್ಣ ‘ಕ್ಯೂ’, ಕೊನೆಗೆ ಇನ್ನೊಮ್ಮೆ ಓರೆಗೆರೆಯ ‘ಎ’ ಎಂದು ಕುಳಿತಿರುತ್ತದೆ. ಮೂರು ಸಲ ಬಂದ ಆ ‘ಎ’ ನಮ್ಮ ತಲಕಟ್ಟು. ‘ಪಿ’ ಎಂದರೆ ತಲಕಟ್ಟಿಲ್ಲದ ಕ, ಪೌಂಡ್ ಎಂದರೆ ನ, ಬಾಗಿದ ‘ಎಸ್’ ನಕಾರದ ಒತ್ತು, ‘ಕ್ಯೂ’ ಎಂದರೆ ಡ. ನುಡಿ ಫಾಂಟ್ ಇರುವ ಯಂತ್ರದಲ್ಲಿ ಇವೆಲ್ಲ ಸೇರಿ ಕನ್ನಡವಾಗಿ ಕಾಣುತ್ತವೆ, ಇಲ್ಲದ ಯಂತ್ರದಲ್ಲಿ ಬಣ್ಣ ಕಳಚಿ ನಿಲ್ಲುತ್ತವೆ. ನಿಮ್ಮ ತಂದೆಯವರ ಒಂದಕ್ಷರವೂ ನಷ್ಟವಾಗಿಲ್ಲ.

ಆದ್ದರಿಂದ ಹಳೆಯ ಡಿಸ್ಕಿನ ವಿಂಡೋಸ್ ಫೋಲ್ಡರಿನೊಳಗಿರುವ ‘ಫಾಂಟ್ಸ್’ ಫೋಲ್ಡರಿಗೆ ಹೋಗಿ. ಹೆಸರಿನಲ್ಲಿ ‘ನುಡಿ’ ಎಂದಿರುವ, ಬರಹ ಬಳಸಿದ್ದರೆ ‘ಬಿಆರ್‌ಎಚ್’ ಎಂದಿರುವ ಫೈಲ್‌ಗಳನ್ನು ನಕಲು ಮಾಡಿಕೊಂಡು, ಹೊಸ ಕಂಪ್ಯೂಟರಿನಲ್ಲಿ ಒಂದೊಂದರ ಮೇಲೂ ಮೌಸಿನ ಬಲಗುಂಡಿ ಒತ್ತಿ ‘ಇನ್‌ಸ್ಟಾಲ್’ ಮಾಡಿ. ವರ್ಡ್ ಫೈಲನ್ನು ಮತ್ತೆ ತೆರೆಯಿರಿ. ಅಕ್ಷರಗಳು ಕನ್ನಡವಾಗಿ ಎದ್ದುಬರುತ್ತವೆ. ಕೂಡಲೇ ಪ್ರತಿ ಅಧ್ಯಾಯವನ್ನೂ ಪಿಡಿಎಫ್ ಆಗಿ ಉಳಿಸಿ. ಪಿಡಿಎಫ್‌ನೊಳಗೆ ಫಾಂಟ್ ಕೂಡ ಸೇರಿಕೊಳ್ಳುವುದರಿಂದ ತಂದೆಯವರು ಇಟ್ಟ ರೂಪದಲ್ಲಿಯೇ ಅದನ್ನು ಎಲ್ಲಿ ಬೇಕಾದರೂ ಓದಬಹುದು, ಮುದ್ರಿಸಬಹುದು. ಆದರೆ ಅದರಲ್ಲಿ ಕನ್ನಡ ಪದ ಹುಡುಕಲು ಆಗುವುದಿಲ್ಲ.

ಹುಡುಕಲು, ತಿದ್ದಲು, ಮೊಬೈಲಿನಲ್ಲಿ ಕಳುಹಿಸಲು ಆ ಬರವಣಿಗೆ ಯೂನಿಕೋಡ್‌ಗೆ, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ವ್ಯವಸ್ಥೆಗೆ, ಬದಲಾಗಬೇಕು. ನುಡಿ, ಬರಹ ಎರಡರಲ್ಲೂ ಅದಕ್ಕಾಗಿ ಪರಿವರ್ತಕಗಳಿವೆ. ಮೂಲ ಫೈಲನ್ನು ಮುಟ್ಟದೆ, ಅದರ ಒಂದು ನಕಲು ಮಾಡಿಕೊಂಡು ಆ ನಕಲನ್ನು ಬದಲಿಸಿ. ಪರಿವರ್ತಕಕ್ಕೆ ಯಾವುದು ಕನ್ನಡ, ಯಾವುದು ನಿಜವಾದ ಇಂಗ್ಲಿಷ್ ಎಂಬುದು ಹಲವು ಸಲ ತಿಳಿಯುವುದಿಲ್ಲ. ಊರಿನ ಚರಿತ್ರೆ ಎಂದಮೇಲೆ ಹಳೆಯ ದಾಖಲೆಗಳಿಂದ ಎತ್ತಿದ ಇಂಗ್ಲಿಷ್ ಸಾಲುಗಳು ನಡುವೆ ಇರಬಹುದು, ಅವು ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತವೆ. ಅರ್ಕಾವತ್ತು ಇರುವ ಪದಗಳು, ಒತ್ತಿನ ಮೇಲೆ ಒತ್ತು ಬರುವ ಪದಗಳು ತಪ್ಪುವುದೂ ಉಂಟು. ಪಿಡಿಎಫ್ ಮುದ್ರಿಸಿಕೊಂಡು, ಒಬ್ಬರು ಗಟ್ಟಿಯಾಗಿ ಓದುತ್ತಾ ಇನ್ನೊಬ್ಬರು ಪರದೆಯಲ್ಲಿ ತಿದ್ದುತ್ತಾ ಹೋಗುವುದೇ ಒಳ್ಳೆಯ ದಾರಿ. ಇಡೀ ಮನೆ ಸೇರಿ ಮಾಡಬಹುದಾದ ಕೆಲಸ ಅದು.

ಎಲ್ಲವೂ ಇಳಿದ ಮೇಲೆ ಇನ್ನೊಂದು ಹೊರ ಡಿಸ್ಕಿಗೆ ಮತ್ತೊಂದು ಪ್ರತಿ ಮಾಡಿ ಬೇರೆ ಮನೆಯಲ್ಲಿಡಿ, ಅಣ್ಣನದೋ ಅಕ್ಕನದೋ ಆಗಲಿ. ಹಳೆಯ ಡಿಸ್ಕನ್ನು ಗುಜರಿಗೆ ಕೊಡುವ ಅವಸರ ಬೇಡ. ಮುಂದೊಂದು ದಿನ ಕೊಡುವುದಾದರೆ ‘ಕ್ವಿಕ್ ಫಾರ್ಮ್ಯಾಟ್’ ನೆಚ್ಚಬೇಡಿ, ಅದು ಪಟ್ಟಿಯನ್ನಷ್ಟೇ ಅಳಿಸುತ್ತದೆ. ಪೂರ್ತಿ ಫಾರ್ಮ್ಯಾಟ್ ಮಾತ್ರ ಇಡೀ ವಿಭಾಗವನ್ನು ಸೊನ್ನೆಗಳಿಂದ ತುಂಬುತ್ತದೆ. ಸದ್ಯಕ್ಕೆ ಅದನ್ನು ಸ್ಥಾಯೀ ವಿದ್ಯುತ್ ತಡೆಯುವ ಚೀಲದಲ್ಲಿ, ತೇವ ಹೀರುವ ಸಿಲಿಕಾ ಪೊಟ್ಟಣವೊಂದರ ಜೊತೆ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಿ. ಮುಚ್ಚಳದ ಮೇಲೆ ಒಂದು ಚೀಟಿ ಅಂಟಿಸಿ, ಇದು ಯಾರ ಡಿಸ್ಕ್, ಒಳಗೇನಿದೆ, ಯಾವ ದಿನ ನಕಲಾಯಿತು ಎಂದು ಬರೆಯಿರಿ. ‘ಫಾರ್ಮ್ಯಾಟ್ ಮಾಡಬಾರದು’ ಎಂಬುದನ್ನು ದಪ್ಪ ಅಕ್ಷರಗಳಲ್ಲಿ ಸೇರಿಸಿ.